ಉಪದೇಶದ ಅಣ್ಣ

ಶಿಷ್ಯ ಮುಫ್ಲಿಹನ ಹೆಣ ಬೆಟ್ಟ ಹತ್ತಿ ಬಂದ ದಿನ ಅಪ್ಪ ಅಳಲಿಲ್ಲ. ಕಂಬಳಿ ಸರಿಸಿ ಮುಖ ನೋಡಿದ. ಹುಬ್ಬಿಗೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ತಲೆ ಎತ್ತಿ, ಹೆಣ ಹೊತ್ತು ತಂದವರಲ್ಲಿ ಒಬ್ಬನಾದ ಮುಹ್ರಿಜ್‌ನನ್ನು ನೋಡಿದ. ಬಹಳ ಹೊತ್ತು ನೋಡಿದ.

ಅಪ್ಪನ ಒಡಹುಟ್ಟಿದ ಖೌಲಾ ಅತ್ತೆ ಅದನ್ನು ಕಂಡಳು. ನನ್ನ ಮೊಣಕೈ ಹಿಡಿದಳು.

"ಒಳಗೆ ಬಾ."

"ಯಾಕತ್ತೆ?"

"ನೀರು ಕಾಯಿಸ್ಬೇಕು, ಬಾ."

ನೀರು ಆಗಲೇ ಕುದಿಯುತ್ತಿತ್ತು.

ಮುಹ್ರಿಜ್‌ಗೂ ನನಗೂ ಮದುವೆ ಗೊತ್ತಾಗಿತ್ತು. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಎಂದು ಮಾತಾಗಿತ್ತು. ಕೊಯ್ಲು ಮುಗಿಯುತ್ತಾ ಬಂದಿತ್ತು. ಅಂಗಳದ ಕಡಾಯಿಯಲ್ಲಿ ರಸ ಕುದಿದು ಕಾಕಂಬಿಯಾಗುತ್ತಿತ್ತು, ಕಣಜದ ಹುಳುಗಳು ಅದರ ಮೇಲೆ ಮುತ್ತುತ್ತಿದ್ದವು. ಕರಾವಳಿಯ ಕೋಟೆಯವರ ಬಾಣ ಮುಫ್ಲಿಹನ ಕುತ್ತಿಗೆಗೆ ನಾಟದೇ ಇದ್ದಿದ್ದರೆ ಆ ಕಾಕಂಬಿ ನನ್ನ ಮದುವೆಯ ರೊಟ್ಟಿಯ ಜೊತೆಗೆ ಖರ್ಚಾಗುತ್ತಿತ್ತು.

ನಾವು ಈ ಬೆಟ್ಟದವರಲ್ಲ. ಯೂಫ್ರಟಿಸ್ ದಂಡೆಯ ಆನಾ ನಮ್ಮ ಊರು. ಅಲ್ಲಿಯದು ನನಗೆ ನೆನಪಿರುವುದು ನೀರೆತ್ತುವ ಗಾಲಿಗಳ ನರಳಾಟ ಮಾತ್ರ. ನಾನು ಚಿಕ್ಕವಳಿದ್ದಾಗ ಈ ಬೆಟ್ಟದ ಜನ ಅಪ್ಪನಿಗೆ ಒಂದು ಗೋಣಿಚೀಲ ಕಳಿಸಿದರು. ತೆರೆದರೆ ಹೆಂಗಸರ ಜಡೆಗಳು. ನಮ್ಮ ಗಂಡಸರು ಸಾಯುತ್ತಿದ್ದಾರೆ, ಇನ್ನು ಜಡೆ ಯಾರು ನೋಡಬೇಕು ಎಂದು ಹೇಳಿ ಕಳಿಸಿದ್ದರು. ನಂಬಿಕೆಯೊಂದೇ, ರಕ್ತ ಬೇರೆ. ಅಪ್ಪ ಕುಲದ ಕುದುರೆಗಳನ್ನೆಲ್ಲ ಹೊರಡಿಸಿಕೊಂಡು ಬಂದ.

"ಆ ಚೀಲದಲ್ಲಿ ಎರಡು ಜಡೆ ಬಿಟ್ರೆ ಮಿಕ್ಕಿದ್ದೆಲ್ಲ ಕುದುರೆ ಬಾಲ," ಎನ್ನುತ್ತಿದ್ದಳು ಅತ್ತೆ. "ನಿಮ್ಮಪ್ಪ ಎಲ್ಲಿ ನೋಡ್ದ? ಮೇಲಿಂದೆರಡು ಕಂಡವನೇ ಅಳೋಕೆ ಕೂತ."

ಜನ ಅವನನ್ನು ಅಮೀರ್ ಸಾಬಿತ್ ಎಂದರು. ಅವನು ಗೆದ್ದ, ಸೋತ, ಮತ್ತೆ ಗೆದ್ದ. ಕೊನೆಯ ಯುದ್ಧದಲ್ಲಿ ಬೆಟ್ಟದ ಬುಡದ ಒಂದು ಊರನ್ನು ಅವನ ಜನ ಸುಟ್ಟರು. ಮನೆಗೆ ಬಂದವನು ಕತ್ತಿಯನ್ನು ಕೊಟ್ಟಿಗೆಯ ಹುಲ್ಲಿನ ಮೇಲೆ ಎಸೆದು ಮೇಲಿನ ಕೋಣೆಗೆ ಹೋದ. ಆಮೇಲೆ ಅವನು ಪದ್ಯ ಕಟ್ಟುವವನಾದ. ಹಾಗೆ ಎಲ್ಲರೂ ಹೇಳುತ್ತಾರೆ. ಆ ಪದ್ಯಗಳ ಒಂದು ಸಾಲೂ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಹೆಂಗಸರಿಗೆ ನಂಬಿಕೆಯ ಗುಟ್ಟಿನ ಉಪದೇಶವಿಲ್ಲ. ಗಂಡಸರು ಕೂಟಕ್ಕೆ ಕೂತಾಗ ನಾವು ಹೊರಗೆ ಮಾಂಸ ಬೇಯಿಸುತ್ತೇವೆ, ಗೋಧಿನುಚ್ಚು ಬಸಿಯುತ್ತೇವೆ, ಬಾಗಿಲವರೆಗೆ ಒಯ್ದಿಟ್ಟು ಬರುತ್ತೇವೆ. ಅಪ್ಪನ ಪದ್ಯಗಳು ಒಳಗಿನವು. ಕೆಳಗೆ ಹಿಟ್ಟು ನಾದುವಾಗ ಮೇಲಿನ ನೆಲದ ಹಲಗೆಗಳ ಮೂಲಕ ನನಗೆ ಅದರ ಲಯ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಾನು ಓದಬಲ್ಲೆ, ಅಪ್ಪನೇ ಕಲಿಸಿದ್ದ. ಆದರೆ ಅವನು ಬರೆದಿಡುತ್ತಿರಲಿಲ್ಲ. ಹಿಂದೆ ಬರೆದಿದ್ದ. ನಮ್ಮ ನಂಬಿಕೆಯನ್ನು ಸಹಿಸದ ಹಮಾ ಪಟ್ಟಣದಲ್ಲಿ ನಮ್ಮವನೊಬ್ಬನ ಜೀನುಚೀಲದಲ್ಲಿ ಆ ಕಾಗದ ಸಿಕ್ಕಿ, ಅವನನ್ನು ಪೇಟೆಯ ಕಮಾನಿಗೆ ನೇಣು ಹಾಕಿದರು. ಸುದ್ದಿ ಬಂದ ದಿನ ಅಪ್ಪ ಮನೆಯಲ್ಲಿದ್ದ ಕಾಗದವನ್ನೆಲ್ಲ ರೊಟ್ಟಿಯ ಒಲೆಗೆ ಹಾಕಿದ. ಅಂದಿನಿಂದ ಅವು ಇದ್ದದ್ದು ಎರಡು ಬಾಯಲ್ಲಿ, ಅಪ್ಪನದರಲ್ಲಿ ಮತ್ತು ಅವನ ಶಿಷ್ಯ ಮುಫ್ಲಿಹನದರಲ್ಲಿ.

ಈಗ ಒಂದರಲ್ಲಿ. ಆ ಬಾಯಿಂದ ಕೆಮ್ಮಿದಾಗ ರಕ್ತ ಬರುತ್ತಿತ್ತು.

ಅಂಥ ಪದ್ಯಗಳನ್ನು ಗುರು ತನ್ನದೇ ಶಿಷ್ಯನಿಗೆ ಮಾತ್ರ ಕೊಡಬಹುದು. ಉಪದೇಶ ಕೊಟ್ಟವನು ತಂದೆಯಾಗುತ್ತಾನೆ, ಪಡೆದವನು ಮಗನಾಗುತ್ತಾನೆ. ಕಲಿಸುವುದು ಹೊಟ್ಟೆಯಲ್ಲಿ ಹೊತ್ತಂತೆ ಒಂಬತ್ತು ತಿಂಗಳು. ಅದರ ಮೊದಲ ಕೂಟದ ದಿನದಿಂದಲೇ ಗುರುವಿನ ಹೆಣ್ಣುಮಕ್ಕಳು ಅವನಿಗೆ ಅಕ್ಕತಂಗಿಯರು. ಆ ಸಂಬಂಧವನ್ನು ಯಾರೂ ಬಿಡಿಸಲಾರರು. ಅದಕ್ಕಾಗಿಯೇ ಅಪ್ಪ ಮುಹ್ರಿಜ್‌ನಿಗೆ ತಾನು ಉಪದೇಶ ಕೊಡದೆ, ಕೆಳಗಿನ ಊರಿನ ಶೇಖ್ ಬದ್ರಾನ್ ಕೊಡಲಿ ಎಂದು ಮಾತಾಡಿಟ್ಟಿದ್ದ. ಬದ್ರಾನ್‌ಗೆ ಮಗನಾದರೆ ನನಗೆ ಗಂಡನಾಗಬಹುದು.

ಮುಹ್ರಿಜ್‌ನ ತಂದೆ ಅಪ್ಪನ ಬಾವುಟ ಹಿಡಿಯುತ್ತಿದ್ದವನು. ಮೊದಲ ಯುದ್ಧದಲ್ಲೇ ಸತ್ತ. ಹುಡುಗನಾಗಿದ್ದಾಗಿನಿಂದ ಮುಹ್ರಿಜ್‌ನದೊಂದು ಸೋಜಿಗ, ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಸಂತೆಯಲ್ಲಿ ಇಬ್ಬರು ಮುದುಕಿಯರ ಜಗಳವನ್ನು ಕೇಳಿ ಬಂದು ಇಬ್ಬರ ದನಿಯಲ್ಲೂ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಈಗ ಅವಳು ನಗಲಿಲ್ಲ. ಮುಫ್ಲಿಹನನ್ನು ಮಣ್ಣು ಮಾಡಿ ಬಂದ ಮೇಲೆ ಅಪ್ಪನ ಮುಂದೆ ಮೊಸರಿನ ಬಟ್ಟಲು ಇಟ್ಟು ಎದುರಿಗೇ ಕೂತಳು. ನಾನು ಬಾಗಿಲ ಹತ್ತಿರ ಎಳ್ಳು ಕೇರುತ್ತಿದ್ದೆ.

"ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?"

"ಯಾರಿದ್ದಾರೆ, ನೀನೇ ಹೇಳು."

"ಸಾಲಿಮ್ ಇಲ್ವಾ?"

"ಸಾಲಿಮ್‌ಗೆ ತನ್ನ ಕುದುರೆ ಹೆಸರು ನೆನಪಿರಲ್ಲ."

"ಕುದುರೆಗೆ ಅವನ ಹೆಸರು ನೆನಪಿದೆಯಲ್ಲ. ಕುದುರೆಗೇ ಕೊಡು ಉಪದೇಶ."

ಅಪ್ಪ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ಬಟ್ಟೆಯನ್ನು ನೋಡದೆ ಮಡಿಸಿ ಪಕ್ಕಕ್ಕಿಟ್ಟ.

"ಚಳಿಗಾಲ ದಾಟಿದ್ರೆ ಹೆಚ್ಚು, ಖೌಲಾ."

"ಹೋದ ವರ್ಷಾನೂ ಇದನ್ನೇ ಅಂದಿದ್ದೆ."

"ಹೋದ ವರ್ಷ ಮುಫ್ಲಿಹ್ ಇದ್ದ."

ಅತ್ತೆ ಮೊಸರಿನ ಬಟ್ಟಲನ್ನು ಅವನ ಹತ್ತಿರ ಸರಿಸಿದಳು. ಆಮೇಲೆ ದನಿ ತಗ್ಗಿಸಿದಳು, ನನಗೆ ಕೇಳಬಾರದೆಂದು. ಆದರೂ ಕೇಳಿತು.

"ಅವಳು ಮದುವೆ ದಿಂಬಿಗೆ ಕಸೂತಿ ಹಾಕಿ ಮುಗಿಸಿದಾಳೆ, ಸಾಬಿತ್."

"ಗೊತ್ತು."

"ಕೇಳಿದ್ಯಾ ಅವಳನ್ನ?"

"ಕೇಳ್ತೀನಿ."

"ಕೇಳು. ಯಾರೋ ಹೆಂಗಸರು ಚೀಲದಲ್ಲಿ ಕೂದಲು ಕಳಿಸಿದ್ರು ಅಂತ ಊರು ಬಿಟ್ಟೋನು ನೀನು. ಮನೆ ಮಗಳದ್ದೂ ಒಂದು ಮಾತು ಕೇಳು."

ಮೊಸರನ್ನು ಅವನು ಮುಟ್ಟಲಿಲ್ಲ.

ಮರುದಿನ ಮುಹ್ರಿಜ್ ಒರತೆಯ ಹತ್ತಿರ ಸಿಕ್ಕಿದ. ಬೇಕೆಂದೇ ಬಂದಿದ್ದ. ಕುದುರೆಗೆ ನೀರು ಕುಡಿಸುವ ನೆಪ, ಕುದುರೆಯನ್ನು ಮಾತ್ರ ತಂದಿರಲಿಲ್ಲ. ಓಕ್ ಮರದ ಬೇರಿನ ಮೇಲೆ ಕೂತ. ನಾನು ಕೊಡ ತುಂಬಿಸುತ್ತಾ ಬೆನ್ನು ಮಾಡಿ ನಿಂತೆ, ಯಾರಾದರೂ ನೋಡಿದರೆ ಎಂದು.

"ನಿಮ್ಮಪ್ಪ ನಿನ್ನನ್ನ ಕೇಳ್ತಾರೆ," ಅಂದ.

"ನಿನ್ನನ್ನ?"

"ನನ್ನನ್ನೂ ಕೇಳ್ತಾರೆ."

"ಏನಂತೀಯ?"

"ನೀನು ಬೇಡ ಅಂದ್ರೆ ನಾನೂ ಬೇಡ ಅಂತೀನಿ."

"ನೀನು ಮೊದಲು ಅನ್ನು."

"ಹೇಗೆ ಅನ್ನಲಿ? ನನ್ನಪ್ಪ ಸತ್ತ ದಿನ ತಮ್ಮ ಕುದುರೆ ಮೇಲೆ ನನ್ನನ್ನ ಮುಂದೆ ಕೂರಿಸ್ಕೊಂಡು ಬಂದೋರು ಅವರು. ಅವರ ಮುಖ ನೋಡ್ಕೊಂಡು ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ."

"ನನಗೆ ಬರುತ್ತಾ? ನನಗೂ ಅವನು ಅಪ್ಪಾನೇ."

ಅವನು ಒಂದು ಓಕ್ ಕಾಯಿಯ ಟೊಪ್ಪಿ ಬಿಡಿಸಿದ, ಮತ್ತೆ ಹಾಕಲು ನೋಡಿದ. ಅದು ಕೂರಲಿಲ್ಲ.

"ಒಂದು ಸಾಲು ಕೇಳಿಸ್ಕೊಂಡಿದ್ದೆ," ಅಂದ ಕೊನೆಗೆ. "ಮುಫ್ಲಿಹ್ ಜ್ವರದಲ್ಲಿದ್ದಾಗ ಬಾಯಿ ತಪ್ಪಿ ಅಂದುಬಿಟ್ಟಿದ್ದ. ಒಂದೇ ಸಾಲು. ಕೇಳಬಾರದಾಗಿತ್ತು. ಕೇಳಿದೆ. ಅವತ್ತಿಂದ ಅದರ ಮುಂದಿನ ಸಾಲು ಏನಿರಬಹುದು ಅಂತಾನೇ ಇದೀನಿ, ಜುಮಾನಾ. ಉಣ್ಣುವಾಗ, ಕುದುರೆ ಉಜ್ಜುವಾಗ."

"ಹಾಗಾದ್ರೆ ನಿನಗೆ ಬೇಕು."

"ಎರಡೂ ಬೇಕು."

"ಎರಡು ಸಿಗಲ್ಲ."

"ಅದಕ್ಕೇ ನೀನು ಹೇಳು ಅಂತಿರೋದು."

ಕೊಡ ತುಂಬಿ ಹರಿಯುತ್ತಿತ್ತು. ನಾನು ಎತ್ತಿಕೊಂಡು ಬಂದೆ. ಹಿಂದಿನಿಂದ ಅವನು ಕರೆಯಲಿಲ್ಲ.

ಅಪ್ಪ ನನ್ನನ್ನು ಮೇಲೆ ಕರೆಸಿದ್ದು ಅದೇ ವಾರ. ಕೋಣೆಯಲ್ಲಿ ಧೂಪದ ವಾಸನೆ, ಹಳೆಯ ಕುರಿಚರ್ಮದ ವಾಸನೆ. ಅವನ ಪಾದಗಳು ಊದಿದ್ದವು, ಅವನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದ. ಸುತ್ತಿ ಬಳಸಿ ಹೇಳುವವನಲ್ಲ ಅವನು.

"ಮುಹ್ರಿಜ್‌ನನ್ನ ಮಗ ಮಾಡ್ಕೋಬೇಕು ಅಂತಿದೀನಿ. ಮಾಡ್ಕೊಂಡ್ರೆ ನಿನ್ನ ಮದುವೆ ಆಗಲ್ಲ. ನಿನಗೆ ಒಪ್ಪಿಗೆ ಇಲ್ಲ ಅಂದ್ರೆ ಹೇಳು. ನಾನು ಮತ್ತೆ ಕೇಳಲ್ಲ, ಬಲವಂತ ಮಾಡಲ್ಲ. ನನ್ನ ಜೊತೆ ಬಂದ ಪದ್ಯ ನನ್ನ ಜೊತೆ ಹೋಗ್ಲಿ."

ನಮ್ಮಲ್ಲಿ ಮದುವೆಯ ಮಾತಿಗೆ ಹುಡುಗಿಯನ್ನು ಪರದೆಯ ಆಚೆ ಕೂರಿಸಿ ಕೇಳುತ್ತಾರೆ. ಅವಳು ಸುಮ್ಮನಿದ್ದರೆ ಒಪ್ಪಿದಳೆಂದು. ಒಪ್ಪದವಳು ಅಳಬೇಕು, ಇಲ್ಲವೇ ಎದ್ದು ಹೋಗಬೇಕು, ಇಲ್ಲವೇ ಬಾಯಿಬಿಟ್ಟು ಹೇಳಬೇಕು. ಮುಹ್ರಿಜ್‌ನ ಹೆಸರು ಹೇಳಿ ಕೇಳಿದ ದಿನ ನಾನು ಸುಮ್ಮನಿದ್ದೆ. ಅತ್ತೆ ಪರದೆಯ ಮೇಲಿಂದ ಇಣುಕಿ ನನ್ನ ಮುಖ ನೋಡಿ, "ಇದಕ್ಕಿಂತ ಜೋರಾಗಿ ಸುಮ್ಮನಿರೋಕೆ ಆಗಲ್ಲ ಯಾರಿಗೂ," ಎಂದು ಎಲ್ಲರನ್ನೂ ನಗಿಸಿದ್ದಳು.

ಈಗ ಅಪ್ಪನ ಎದುರು ಕೂತು ನಾನು ಬೇಡ ಎನ್ನುವುದಕ್ಕೆ ಮಾತು ಹುಡುಕುತ್ತಿದ್ದೆ. ಮೊದಲ ಮಾತು ಯಾವುದಿರಬೇಕು ಎಂದು ಹುಡುಕುತ್ತಿದ್ದೆ. ಅವನ ಪಾದದ ಚರ್ಮ ಹೊಳೆಯುತ್ತಿತ್ತು, ಒತ್ತಿದರೆ ಗುಳಿ ಬೀಳುವಂತೆ. ಅದನ್ನೇ ನೋಡುತ್ತಿದ್ದೆ. ಕಣ್ಣಲ್ಲಿ ನೀರು ಬರಲಿಲ್ಲ. ಕಾಲು ಏಳಲಿಲ್ಲ.

ಅಪ್ಪ ಕಾದ. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟ.

"ಮೌಲಾ ನಿನಗೆ ಒಳ್ಳೇದು ಮಾಡ್ಲಿ, ಮಗಳೇ."

ಅವನಿಗೆ ನಿಜವಾಗಿ ತಿಳಿಯಲಿಲ್ಲವೋ, ತಿಳಿಯದೇ ಇರುವುದು ಬೇಕಾಗಿತ್ತೋ. ಮೂರು ಭಾಷೆ ಬಲ್ಲವನು. ಕೈ ಬಿಸಿಯಾಗಿತ್ತು, ಹಗುರವಾಗಿತ್ತು. ನಾನು ಮೆಟ್ಟಿಲಿಳಿದು ಬಂದೆ. ಅತ್ತೆ ಕೆಳಗೆ ಕಾಯುತ್ತಿದ್ದಳು.

"ಏನಂದೆ?"

"ಏನೂ ಅನ್ನಲಿಲ್ಲ."

ಅವಳು ನನ್ನನ್ನು ಹೊಡೆಯುವವಳಂತೆ ಕೈ ಎತ್ತಿದಳು. ಆಮೇಲೆ ಆ ಕೈಯಿಂದ ತನ್ನ ಹಣೆಯನ್ನೇ ಹಿಡಿದುಕೊಂಡು ಗೋಡೆಗೆ ಒರಗಿದಳು.

ಮುಹ್ರಿಜ್ ಕೂಡ ಅಪ್ಪನಿಗೆ ಬೇಡ ಅನ್ನಲಿಲ್ಲ. ಶೇಖ್ ಬದ್ರಾನ್ ಸುದ್ದಿ ಕೇಳಿ ಕತ್ತೆಯ ಮೇಲೆ ಬಂದ. ಗಡ್ಡಕ್ಕೆ ಮದರಂಗಿ ಹಚ್ಚುವ, ಒಂದು ಕಿವಿ ಕೇಳದ ಮುದುಕ. ಕಿವಿ ಕೇಳದ ಕಾರಣ ಅವನ ಮಾತು ಅಂಗಳಕ್ಕೆಲ್ಲ ಕೇಳುತ್ತಿತ್ತು.

"ನನಗೆ ಅಂತ ಮಾತಾದ ಮಗನನ್ನ ಕಿತ್ಕೋತೀಯಾ ಸಾಬಿತ್?"

"ಇನ್ನೂ ಹುಟ್ಟಿರ್ಲಿಲ್ಲ, ಶೇಖ್‌ರೇ."

"ತೊಟ್ಟಿಲು ಕಟ್ಟಿದ್ದೆ ನಾನು. ಊರಿಗೆಲ್ಲ ಹೇಳಿದ್ದೆ. ನಾಳೆ ಊರು ನನ್ನನ್ನ ನೋಡಿ ನಗ್ಬೇಕಾ?"

"ನನಗೆ ಹೊತ್ತಿಲ್ಲ."

"ನಿನಗೆ ಹೊತ್ತಿಲ್ಲ ಅಂತ ಊರಿನ ಪದ್ಧತಿ ಸಾಯ್ಬೇಕಾ? ಆ ನಿನ್ನ ಪದ್ಯಗಳು ಇರದಿದ್ದಾಗಲೂ ನಾವು ಇದ್ವಿ. ಜಡೆ ಕಳಿಸಿದ್ದು ಕತ್ತಿಗೆ, ಪದ್ಯಕ್ಕಲ್ಲ."

ನಾನು ರೊಟ್ಟಿ ಮತ್ತು ಆಲಿವ್ ತಂದಿಟ್ಟೆ. ಅವನು ಮುಟ್ಟದೆ ಎದ್ದ. ನಮ್ಮ ಮನೆಯ ರೊಟ್ಟಿಯನ್ನು ಮುಟ್ಟದೆ ಯಾರಾದರೂ ಎದ್ದು ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಪ್ಪ ಆ ರೊಟ್ಟಿಯನ್ನು ನೋಡುತ್ತಾ ಕೂತಿದ್ದ.

ಮೊದಲ ಕೂಟದ ದಿನ ಹೋತ ಕಡಿದರು. ಅತ್ತೆ, ನಾನು, ನೆರೆಯ ಹೆಂಗಸರು ಅಂಗಳದಲ್ಲಿ ಬೇಯಿಸಿದೆವು. ಒಳಗಿನ ಬಾಗಿಲು ಹಾಕಿದರು. ಹೊಗೆ ನನ್ನ ಕಡೆಗೇ ಬೀಸುತ್ತಿತ್ತು, ಅದರಿಂದ ಒಂದು ಅನುಕೂಲವಾಯಿತು. ಹೆಂಗಸರು ನನ್ನ ಹತ್ತಿರ ಮದುವೆಯ ಮಾತು ಎತ್ತಲಿಲ್ಲ. ಉಪ್ಪು ಹೆಚ್ಚಾಯಿತೇ, ಸೌದೆ ಹಸಿಯೇ, ಇಷ್ಟೇ ಮಾತು.

ಬಾಗಿಲು ತೆರೆಯಿತು. ಮುಹ್ರಿಜ್ ಬಿಳಿ ಬಟ್ಟೆಯಲ್ಲಿ, ಕಿವಿಯ ಹಿಂದೆ ಆಸ್ ಸೊಪ್ಪಿನ ಘಮಘಮಿಸುವ ಎಸಳು ಸಿಕ್ಕಿಸಿಕೊಂಡು ಹೊರಗೆ ಬಂದ. ಹೊಸ ಮಗ ಮೊದಲು ಮನೆಯ ತಾಯಿಯ ಕೈಗೆ ಮುತ್ತಿಡಬೇಕು. ನನ್ನ ಅಮ್ಮ ಆನಾದಲ್ಲೇ ತೀರಿಕೊಂಡಿದ್ದಳು, ಅತ್ತೆ ಕೈ ಚಾಚಿದಳು. ಆಮೇಲೆ ಮನೆಯ ಹೆಣ್ಣುಮಗಳ ಕೈಯಿಂದ ನೀರು ಕೇಳಿ ಕುಡಿಯಬೇಕು. ಕೇಳುವ ಮಾತೂ ಗೊತ್ತಿರುವುದೇ.

"ತಂಗಿ, ನೀರು ಕೊಡು."

ಕೊಟ್ಟೆ. ಅವನು ಪೂರ್ತಿ ಕುಡಿದ. ಬಟ್ಟಲು ವಾಪಸು ಕೊಡುವಾಗ ನನ್ನ ಬೆರಳಿಗೆ ಬೆರಳು ತಾಗಿತು. ಈಗ ತಾಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿ ಹರಸಿದರು.

ಆಮೇಲಿನ ತಿಂಗಳುಗಳಲ್ಲಿ ಅವನು ನಮ್ಮ ಮನೆಯಲ್ಲೇ ಇದ್ದ. ನನ್ನ ಮುಂದೆ ತಲೆಗೆ ಬಟ್ಟೆ ಇಲ್ಲದೆ ಓಡಾಡಿದ, ನಾನು ಹೊಲಿದ ಅಂಗಿ ತೊಟ್ಟ, ಉಳಿದ ಸಾರು ಕೇಳಿ ಹಾಕಿಸಿಕೊಂಡ. ಒಂದೇ ಮನೆಯಲ್ಲಿ ಇರಬೇಕು ಎಂದು ಬೇಡಿಕೊಂಡಿದ್ದೆ. ಸಿಕ್ಕಿತ್ತು.

ಮೇಲಿನ ಹಲಗೆಗಳಿಂದ ಈಗ ಎರಡು ದನಿ ಇಳಿಯುತ್ತಿದ್ದವು. ಅಪ್ಪನದು ಮುರಿದು ಮುರಿದು, ಅದರ ಹಿಂದೆ ಮುಹ್ರಿಜ್‌ನದು ನೇರವಾಗಿ. ಹಿಮ ಬಿತ್ತು. ಅಪ್ಪ ಎರಡು ಸಲ ಇನ್ನೇನು ಹೋದ ಎನ್ನುವಂತಾಗಿ ವಾಪಸು ಬಂದ. ಎಣ್ಣೆ ಹಚ್ಚಿ ಕಾಲು ತಿಕ್ಕುತ್ತಾ ಅತ್ತೆ ಗೊಣಗುತ್ತಿದ್ದಳು.

"ಬಸುರಿ ಹೆಂಗಸಿನ ಹಾಗೆ ದಿನ ಲೆಕ್ಕ ಹಾಕ್ತಾನೆ ನೋಡು. ಹೆರೋ ತನಕ ಸಾಯಲ್ವಂತೆ."

"ಹೌದು, ಸಾಯಲ್ಲ," ಅನ್ನುತ್ತಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ.

"ಹೆತ್ತ ಮೇಲೆ ಬಾಣಂತನ ನಾನು ಮಾಡಲ್ಲ, ಈಗಲೇ ಹೇಳಿದೀನಿ."

ನಾನು ಮೇಲೆ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ನೀರಿಟ್ಟು ಇಳಿದು ಬರುತ್ತಿದ್ದೆ. ನಾಲ್ಕನೇ ಮೆಟ್ಟಿಲು ದಾಟುವ ತನಕ ಅವರು ಕಾಯುತ್ತಿದ್ದರು. ಮುಹ್ರಿಜ್ ಬಡಕಲಾದ. ಕಣ್ಣಲ್ಲಿ ಏನೋ ಬೇರೆ ಬಂತು, ಹೊಟ್ಟೆ ತುಂಬಿದವನ ಕಣ್ಣಿನ ಹಾಗೆ. ನನ್ನನ್ನು ನೋಡಿದಾಗ ಅದು ಆರುತ್ತಿತ್ತು. ಆದ್ದರಿಂದ ನಾನು ಅವನ ಎದುರಿಗೆ ಹೆಚ್ಚು ಹೋಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಕೊನೆಯ ಕೂಟವಾಯಿತು. ಅಪ್ಪನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರು. ಅದಾಗಿ ವಾರ ತುಂಬುವುದರೊಳಗೆ, ಅತ್ತೆ ಅಂಜೂರ ಬಿಡಿಸಿ ತಿನ್ನಿಸುತ್ತಿದ್ದಾಗ, ಅವನು ಬಾಯಿ ತೆರೆಯಲಿಲ್ಲ. ಅವಳು ಸ್ವಲ್ಪ ಹೊತ್ತು ಅಂಜೂರ ಹಿಡಿದುಕೊಂಡೇ ಇದ್ದಳು.

ಗೋರಿಯ ಮೇಲೆ ಆಸ್ ಸೊಪ್ಪು ಹಾಸಿದೆವು. ಮೇಲಿನ ಊರುಗಳವರೆಲ್ಲ ಬಂದಿದ್ದರು. ಕೆಳಗಿನ ಊರುಗಳಿಂದ ಯಾರೂ ಬಂದಿರಲಿಲ್ಲ.

ಆಮೇಲೆ ತಿಳಿಯಿತು. ಬದ್ರಾನ್‌ನ ಊರಿನ ಕೂಟದಲ್ಲಿ ಮುಹ್ರಿಜ್ ಬಾಯಿ ತೆರೆದಾಗ ಹಿರಿಯರು ಒಬ್ಬೊಬ್ಬರೇ ಎದ್ದು ಹೊರಗೆ ಬಂದರಂತೆ. ಒಬ್ಬ ಗುರುವಿಗೆ ಮಾತಾಗಿ ಇನ್ನೊಬ್ಬನಿಗೆ ಹುಟ್ಟಿದವನ ಬಾಯಿಂದ ಯಾವ ಪದ್ಯವೂ ಬೇಡವೆಂದರಂತೆ. ಸುತ್ತಲಿನ ಊರುಗಳೂ ಅದನ್ನೇ ಹಿಡಿದವು. ಮೇಲಿನ ಊರುಗಳಲ್ಲಿ ಇದ್ದವರು ಹೆಚ್ಚಾಗಿ ನಮ್ಮಂತೆ ಬಂದವರು, ಒಂದು ಕೈಯಲ್ಲಿ ಎಣಿಸುವಷ್ಟು ಮನೆ. ಮುಹ್ರಿಜ್ ಎಲ್ಲವನ್ನೂ ಹೊತ್ತುಕೊಂಡು ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತ. ಹಲಗೆಯಿಂದ ಇಳಿಯುತ್ತಿದ್ದ ದನಿ ಈಗ ಒಂದೇ.

ದ್ರಾಕ್ಷಿ ಮತ್ತೆ ಹಣ್ಣಾಗುವ ಹೊತ್ತಿಗೆ ಬದ್ರಾನ್ ಬಂದ. ಈ ಸಲ ರೊಟ್ಟಿ ಮುರಿದ. ಎಣ್ಣೆಯಲ್ಲಿ ಅದ್ದಿ ತಿಂದು ಮುಗಿಸಿದ ಮೇಲೆ ಮಾತು ತೆಗೆದ.

"ಜಗಳ ನನಗೂ ಸಾಕಾಗಿದೆ, ಹುಡುಗ. ಸಾಬಿತ್ ನನ್ನ ಮಗನನ್ನ ತಗೊಂಡ. ಅವನ ಮಗಳನ್ನ ನನ್ನ ಮನೆಗೆ ಕೊಡು. ನನ್ನ ಸ್ವಂತ ಮಗ ಜಾಬಿರ್‌ಗೆ. ಹೆಂಡತಿ ಹೆರಿಗೇಲಿ ಹೋಗಿ ಎರಡು ವರ್ಷ ಆಯ್ತು. ಆಗ ನೀನು ನಮ್ಮ ಮನೆ ಸೊಸೆಯ ಅಣ್ಣ. ಸೊಸೆಯ ಅಣ್ಣ ಬಾಯಿ ತೆರೆದ್ರೆ ನಮ್ಮ ಊರಲ್ಲಿ ಯಾರು ಏಳ್ತಾರೆ ನೋಡ್ತೀನಿ."

ತಂದೆ ಇಲ್ಲದ ಹುಡುಗಿಯನ್ನು ಕೊಡುವವನು ಅಣ್ಣ. ನನಗೆ ಇದ್ದ ಅಣ್ಣ ಮುಹ್ರಿಜ್.

"ಕೊಡಲ್ಲ," ಅಂದ ಅವನು.

"ಏನು?" ಬದ್ರಾನ್ ಕೇಳುವ ಕಿವಿಯನ್ನು ಮುಂದೆ ತಂದ.

"ಕೊಡಲ್ಲ, ಶೇಖ್‌ರೇ."

ಬದ್ರಾನ್ ಸಿಟ್ಟಾಗಲಿಲ್ಲ. ಇನ್ನೊಂದು ತುಂಡು ರೊಟ್ಟಿ ಮುರಿದ. "ಹಬ್ಬದ ತನಕ ಕಾಯ್ತೀನಿ," ಅಂದು ಕತ್ತೆ ಏರಿ ಹೋದ.

ಅತ್ತೆ ಒಲೆಯ ಹತ್ತಿರದಿಂದ ಎದ್ದು ಬಂದಳು. ಅವನ ಎದುರಿಗೆ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಈಗ ಬಂತಾ ನಿನಗೆ ಬೇಡ ಅನ್ನೋಕೆ? ಹೋದ ವರ್ಷ ಎಲ್ಲಿಟ್ಟಿದ್ದೆ ಅದನ್ನ?"

ಅವನು ತಲೆ ತಗ್ಗಿಸಿದ. ಅತ್ತೆಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ.

"ಕೊಡದೆ ಏನ್ ಮಾಡ್ತೀಯ? ಮಡಿಸಿ ಪೆಟ್ಟಿಗೇಲಿ ಇಡ್ತೀಯಾ? ನಿನಗಂತೂ ಆಗಲ್ಲ. ಅವಳಿಗೆ ಒಂದು ಕೂಸಾದ್ರೂ ಆಗ್ಲಿ ಬಿಡು."

"ಅತ್ತೆ, ಸುಮ್ನಿರಿ."

"ಸುಮ್ನಿರೋ ಕೆಲಸ ಈ ಮನೇಲಿ ಬೇಕಾದಷ್ಟಾಗಿದೆ," ಅಂದು ಅವಳು ಹೊರಗೆ ಹೋದಳು.

ಹಬ್ಬ ಹತ್ತಿರ ಬಂದರೂ ಅವನು ಆ ಮಾತು ತೆಗೆಯಲಿಲ್ಲ. ಆಲಿವ್ ಮರಗಳ ಕೆಳಗೆ ಕಳೆ ಕಿತ್ತ, ಚಾವಣಿಯ ಮಣ್ಣನ್ನು ಉರುಳುಗಲ್ಲಿನಿಂದ ಗಟ್ಟಿ ಮಾಡಿದ. ನಾನು ಅವನನ್ನು ಚಾವಣಿಯ ಮೇಲೇ ಹಿಡಿದೆ. ಮಧ್ಯಾಹ್ನದ ಬಿಸಿಲು. ದೂರದಲ್ಲಿ ಸಮುದ್ರ ತವರದ ತಗಡಿನಂತೆ ಕಾಣುತ್ತಿತ್ತು.

"ಶೇಖ್‌ಗೆ ಹೂಂ ಅಂತ ಹೇಳಿ ಕಳಿಸು," ಅಂದೆ.

"ಆ ಮಾತು ಮುಗಿದಿದೆ."

"ಯಾರು ಮುಗಿಸಿದ್ದು? ನನ್ನನ್ನ ಕೇಳಿದ್ಯಾ?"

ಅವನು ಉರುಳುಗಲ್ಲು ಬಿಟ್ಟು ನಿಂತ. "ಜಾಬಿರ್ ನಿನಗೆ ಬೇಕಾ?"

"ಬೇಕು ಬೇಡ ಬಿಡು. ಹೊಡೆಯೋನಲ್ಲ ಅಂತ ಅತ್ತೆ ವಿಚಾರಿಸಿದಾಳೆ."

"ನನ್ನ ಕೈಯಿಂದ ನಿನ್ನನ್ನ ಕೊಡೋಕಾಗಲ್ಲ, ಜುಮಾನಾ. ಅದೊಂದು ಕೇಳ್ಬೇಡ."

"ಒಂದು ಸಲ ಕೊಟ್ಟಾಗಿದೆ. ಎರಡನೇ ಸಲ ಅಷ್ಟು ಕಷ್ಟ ಇರಲ್ಲ."

ಅವನ ಮುಖ ನೋಡಿ ಹೇಳಬಾರದಿತ್ತು ಅನ್ನಿಸಿತು. ಆದರೂ ಮುಂದುವರಿಸಿದೆ, ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಗೊತ್ತಿತ್ತು.

"ಅಪ್ಪ ಆ ಒಂಬತ್ತು ತಿಂಗಳು ಹಲ್ಲು ಕಚ್ಚಿ ಬದುಕಿದ್ದ. ನಾನು ಕೆಳಗೆ ಹಿಟ್ಟು ನಾದ್ತಾ ಇದ್ದೆ. ಎಲ್ಲಾನೂ ತಗೊಂಡು ನೀನು ಮೇಲೆ ಕೂತು ಗೋಡೆಗೆ ಹೇಳ್ತಿದೀಯ. ನಿನಗೇನಾದ್ರೂ ಆದ್ರೆ? ಮುಫ್ಲಿಹ್‌ಗೆ ಬಿದ್ದ ಬಾಣ ನಿನಗೂ ಬಿದ್ರೆ? ಕೇಳೋರಿಲ್ಲದೆ ಅದು ಸಾಯೋದಾದ್ರೆ ನಾವಿಬ್ರೂ ಯಾಕೆ ಹೀಗಾದ್ವಿ?"

ಅವನು ಮತ್ತೆ ಕಲ್ಲನ್ನು ಹಿಡಿದು ಉರುಳಿಸಿದ, ಚಾವಣಿಯ ಆ ತುದಿಯವರೆಗೆ. ಅಲ್ಲಿಂದ ತಿರುಗದೆ, ಬೆನ್ನು ಮಾಡಿಯೇ, "ಆಗ್ಲಿ," ಅಂದ.

ಮದುವೆಗೆ ಹೊರಡುವ ದಿನ ಅತ್ತೆ ನನಗೆ ಕಾಡಿಗೆ ಹಚ್ಚಿದಳು. ಒಂದು ಕಣ್ಣಿಗೆ ಹೆಚ್ಚಾಯಿತು. "ಇರಲಿ ಬಿಡು, ಜಾಬಿರ್ ಎಲ್ಲಿ ಎರಡೂ ಕಣ್ಣು ಒಟ್ಟಿಗೆ ನೋಡ್ತಾನೆ," ಅಂದಳು. ಹೆಂಗಸರ ಜೊತೆ ಹಾಡಿಕೊಂಡು ಅವಳು ಮುಂದೆ ಹೋದಳು. ಹೇಸರಗತ್ತೆಯ ಮೇಲೆ ನಾನು, ಪಕ್ಕದಲ್ಲಿ ನಡೆಯುತ್ತಾ ಮುಹ್ರಿಜ್. ಮದುಮಗಳನ್ನು ಅತ್ತೆಮನೆಯ ಹೊಸಿಲವರೆಗೆ ನಡೆಸಿಕೊಂಡು ಹೋಗುವುದು ಅಣ್ಣನ ಕೆಲಸ.

ದಾರಿ ಬಂಡೆಗಳ ನಡುವೆ ಇಳಿಯುತ್ತದೆ. ಹಾಡು ತಿರುವಿನ ಆಚೆ ಹೋಗಿ ಸಣ್ಣದಾಯಿತು. ಅವನು ಸುತ್ತಲೂ ನೋಡಿದ.

"ಒಂದು ಪದ್ಯ ಇದೆ," ಅಂದ. "ಕೊನೇದು. ಆ ದಿನ ನಿನ್ನನ್ನ ಮೇಲೆ ಕರೆಸಿ ಕೇಳಿದ್ರಲ್ಲ, ನೀನು ಇಳಿದು ಹೋದ ಮೇಲೆ ಕಟ್ಟಿದ್ದಂತೆ. ಅದನ್ನ ಹೇಳಿಕೊಡುವಾಗ ಮಾತ್ರ ಅತ್ತರು."

ನಾನು ಹೇಸರಗತ್ತೆಯ ಕಿವಿಗಳನ್ನು ನೋಡುತ್ತಿದ್ದೆ.

"ಅದರಲ್ಲಿ ನೀನಿದೀಯ, ಜುಮಾನಾ. ಹೆಸರಿಲ್ಲ, ಆದ್ರೆ ನೀನೇ. ಆ ದಿನ ಅವರಿಗೆ ಏನು ತಿಳೀತು, ಏನು ತಿಳೀಲಿಲ್ಲ, ಎಲ್ಲಾ ಇದೆ. ಹೇಳ್ತೀನಿ, ಕೇಳು. ಇಲ್ಲಿ ಯಾರೂ ಇಲ್ಲ."

"ನಾನು ಹೆಂಗಸು."

"ಗೊತ್ತು."

"ಹೆಂಗಸಿಗೆ ಹೇಳಿದವನ ನಾಲಿಗೆ..."

"ಗೊತ್ತು. ನನ್ನ ಹತ್ರ ನಿನಗೆ ಕೊಡೋಕೆ ಬೇರೇನಿಲ್ಲ."

ನನಗೆ ಕೇಳಬೇಕೆನ್ನಿಸಿತು. ಜೀವನದಲ್ಲಿ ಇನ್ನಾವುದೂ ಅಷ್ಟು ಬೇಕೆನ್ನಿಸಿಲ್ಲ. ಅಪ್ಪನಿಗೆ ಆ ದಿನ ತಿಳಿದಿತ್ತೇ ಎಂಬುದು ಒಂದು ಕೈಯಳತೆ ದೂರದಲ್ಲಿ, ಅವನ ಹಲ್ಲಿನ ಹಿಂದೆ ಇತ್ತು. ಅವನು ಉಸಿರು ಎಳೆದುಕೊಂಡ. ಅಪ್ಪ ಶುರು ಮಾಡುವ ಮುಂಚೆ ಎಳೆದುಕೊಳ್ಳುತ್ತಿದ್ದ ಉಸಿರೇ ಅದು. ಹಲಗೆಯ ಕೆಳಗೆ ಕೂತು ನಾನು ಎಷ್ಟೋ ಸಲ ಕೇಳಿದ್ದೆ.

"ಹೇಳ್ಬೇಡ," ಅಂದೆ.

"ಯಾಕೆ?"

"ದಾರೀಲಿ ಒಬ್ಬ ಹೆಂಗಸಿಗೆ ಹೇಳಬಹುದು ಅನ್ನೋದಾದ್ರೆ, ಅವತ್ತೇ ಹೇಳಬಹುದಿತ್ತು. ನನಗೇ ಹೇಳಿಕೊಡಬಹುದಿತ್ತು ಅಪ್ಪ. ನಾನೂ ಮರೆಯೋಳಲ್ಲ. ಹೇಳಬಾರದು ಅಂತ ತಾನೇ ನೀನು ನನಗೆ ಅಣ್ಣ ಆದೆ, ಅಣ್ಣ."

ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಅವನು ಹಿಡಿದಿದ್ದ ಉಸಿರನ್ನು ಬಿಟ್ಟ.

ಆಮೇಲೆ ಕೆಳಗೆ ಬದ್ರಾನ್‌ನ ಊರಿನ ಹೊಗೆ ಕಾಣಿಸಿತು. ಮುಹ್ರಿಜ್ ಸ್ವಲ್ಪ ಮುಂದೆ ನಡೆಯುತ್ತಿದ್ದ. ಅಂದಿನ ಕೂಟದಲ್ಲಿ ಅವನು ಹಿರಿಯರ ಮುಂದೆ ಪದ್ಯ ಹೇಳಬೇಕಿತ್ತು. ಒಪ್ಪಿಸಿಕೊಳ್ಳುತ್ತಿದ್ದ ಎಂದು ಕಾಣುತ್ತದೆ, ಭುಜಗಳು ಆ ಲಯಕ್ಕೆ ತೂಗತೊಡಗಿದವು. ತುಟಿಯೂ ಅಲುಗುತ್ತಿದ್ದಿರಬೇಕು. ಗಾಳಿ ಅವನ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು.

ನಾನು ಹಗ್ಗ ಎಳೆದು ಹೇಸರಗತ್ತೆಯನ್ನು ನಿಲ್ಲಿಸಿದೆ. ಅವನ ದನಿ ಕೇಳಿಸದಷ್ಟು ದೂರ ಅವನು ಹೋಗುವ ತನಕ ಅಲ್ಲೇ ನಿಂತಿದ್ದು, ಆಮೇಲೆ ದಾರಿ ಇಳಿದೆ.